ಕೆಫೆ ರೇಸರ್ ಮೋಟಾರ್‌ಸೈಕಲ್

ರಸ್ತೆಯಲ್ಲಿ ಓಡಾಡಲೆಂದೇ ನೋಂದಣಿಯಾಗಿದ್ದರೂ ರೇಸ್ ಗಾಡಿಯ ಮೈಕಟ್ಟು ತಳೆದ ಮೋಟಾರ್‌ಸೈಕಲ್ಲಿಗೆ ಕೆಫೆ ರೇಸರ್ ಎಂದು ಹೆಸರು. ತಗ್ಗಾದ ಹ್ಯಾಂಡಲ್, ಹಿಂದಕ್ಕೂ ಮೇಲಕ್ಕೂ ಸರಿದ ಫುಟ್‌ರೆಸ್ಟ್, ಉದ್ದಕ್ಕೆ ಚಾಚಿಕೊಂಡ ಪೆಟ್ರೋಲ್ ಟ್ಯಾಂಕ್, ಹಿಂತುದಿಯಲ್ಲಿ ಗೂನಿನಂತೆ ಎದ್ದ ಒಂಟಿ ಸೀಟು. ದೂರದಿಂದಲೇ ಗುರುತು ಹಿಡಿಯಲು ಇಷ್ಟು ಸಾಕು. 1950 ಮತ್ತು 60ರ ದಶಕದ ಇಂಗ್ಲೆಂಡಿನಲ್ಲಿ ಕೂಲಿ ಮಾಡುವ ಹುಡುಗರು ಮನೆಯ ಹಿತ್ತಲಿನಲ್ಲಿ ಕೈಯಾರೆ ಕಟ್ಟಿಕೊಂಡ ಈ ಗಾಡಿಯನ್ನು ಈಗ ಕಾರ್ಖಾನೆಗಳೇ ತಯಾರಿಸಿ ಮಾರುತ್ತವೆ. ಭಾರತದ ರಸ್ತೆಗಳಲ್ಲಿ ಅದರ ಮುಖ್ಯ ಪ್ರತಿನಿಧಿ ರಾಯಲ್ ಎನ್‌ಫೀಲ್ಡ್ ಕಂಪನಿಯ ಕಾಂಟಿನೆಂಟಲ್ ಜಿಟಿ 650. ದಕ್ಷಿಣ ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಗಳಲ್ಲಿ ಕೆಫೆ ರೇಸರ್ ಎಂದರೆ ಬಹುಪಾಲು ಇದೇ ಗಾಡಿ.

ಹೆಸರಿನಲ್ಲಿರುವ ಕೆಫೆ ನಾವು ಈಗ ಊಹಿಸಿಕೊಳ್ಳುವ ತಣ್ಣನೆಯ, ದುಬಾರಿ ಕಾಫಿಯ ಅಂಗಡಿಯಲ್ಲ. ಅದು ಹೆದ್ದಾರಿ ಬದಿಯಲ್ಲಿ ರಾತ್ರಿಯಿಡೀ ಬಾಗಿಲು ತೆರೆದಿರುತ್ತಿದ್ದ, ಲಾರಿ ಚಾಲಕರು ಚಹಾ ಕುಡಿದು ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದ ಅಗ್ಗದ ಹೋಟೆಲು. ಇವುಗಳಲ್ಲಿ ಹೆಸರಾದದ್ದು ಲಂಡನ್ನಿನ ಉತ್ತರ ವರ್ತುಲ ರಸ್ತೆಯ ಏಸ್ ಕೆಫೆ. 1938ರಲ್ಲಿ ಶುರುವಾಗಿ, ಯುದ್ಧಕಾಲದ ಬಾಂಬಿಗೆ ಸಿಕ್ಕಿ, 1949ರಲ್ಲಿ ಮತ್ತೆ ಎದ್ದು ನಿಂತಿತು. ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು ಅದರ ಹಿಂದಿನ ವರ್ಷ, 1948ರಲ್ಲಿ. ಒಂದೇ ಕಾಲದ ಈ ಎರಡು ಸ್ಥಳಗಳಿಗೆ ನಂಟು ಬೆಸೆಯಲು ಎಪ್ಪತ್ತು ವರ್ಷ ಹಿಡಿಯಿತು.

ಅಂದಿನ ಇಂಗ್ಲೆಂಡಿನಲ್ಲಿ ಯುದ್ಧದ ಬಡತನ ಆಗಷ್ಟೇ ಕಳೆದಿತ್ತು. ಹದಿನೆಂಟು, ಇಪ್ಪತ್ತರ ಹುಡುಗರ ಕೈಗೆ ಮೊದಲ ಬಾರಿಗೆ ಸ್ವಂತ ಸಂಬಳ ಬಂದಿತ್ತು. ಕಾರು ಎಟುಕುತ್ತಿರಲಿಲ್ಲ, ಮೋಟಾರ್‌ಸೈಕಲ್ ಎಟುಕುತ್ತಿತ್ತು. ಗಂಟೆಗೆ ನೂರು ಮೈಲಿ, ಅಂದರೆ 160 ಕಿ.ಮೀ. ವೇಗ ಮುಟ್ಟುವುದೇ ಅವರ ಹಂಬಲ. ಆ ನೂರಕ್ಕೆ ಅವರ ಆಡುಮಾತಿನಲ್ಲಿ ‘ಟನ್’ ಎನ್ನುತ್ತಿದ್ದರು. ಜೂಕ್‌ಬಾಕ್ಸಿಗೆ ನಾಣ್ಯ ಹಾಕಿ, ಹಾಡು ಮುಗಿಯುವುದರೊಳಗೆ ಗೊತ್ತಾದ ತಿರುವಿನವರೆಗೆ ಹೋಗಿ ವಾಪಸು ಬರುವ ಪಂದ್ಯದ ಕಥೆಯನ್ನು ಇಂದಿಗೂ ಹೇಳಲಾಗುತ್ತದೆ. 1959ರಲ್ಲಿ ತೆರೆದ ಎಂ1 ಹೆದ್ದಾರಿಗೆ ಮೊದಲು ವೇಗದ ಮಿತಿಯೇ ಇರಲಿಲ್ಲ. ಗಂಟೆಗೆ 70 ಮೈಲಿಯ ಮಿತಿ ಬಂದದ್ದು 1965ರ ಕೊನೆಗೆ. ಈ ನಡುವೆ ಸತ್ತ ಹುಡುಗರ ಲೆಕ್ಕ ಸಣ್ಣದಲ್ಲ. ಪತ್ರಿಕೆಗಳು ಇವರನ್ನು ಪುಂಡರೆಂದು ಕರೆದವು. ಬಿಲ್ ಶೆರ್ಗೋಲ್ಡ್ ಎಂಬ ಪಾದ್ರಿ ಮಾತ್ರ 1962ರಲ್ಲಿ ತಾವೇ ಏಸ್ ಕೆಫೆಗೆ ಹೋಗಿ, ಹುಡುಗರನ್ನು ಚರ್ಚಿನ ‘59 ಕ್ಲಬ್ಬಿಗೆ’ ಕರೆತಂದರು. ಕೆಫೆ ರೇಸರಿನ ಚರಿತ್ರೆಯಲ್ಲಿ ಈ ಪಾದ್ರಿಗೂ ಒಂದು ಇಂಜಿನಿನಷ್ಟೇ ತೂಕವಿದೆ.

ಗಾಡಿ ಕಟ್ಟುವ ಬಗೆ ಹೀಗಿತ್ತು. ಬೇಡವೆನಿಸಿದ್ದನ್ನೆಲ್ಲ ಮೊದಲು ಬಿಚ್ಚಿಹಾಕುವುದು: ಅಗಲ ಮಡ್‌ಗಾರ್ಡ್, ಹಿಂದಿನ ಸೀಟು, ಚೈನ್ ಕವರ್. ಎತ್ತರದ ಹ್ಯಾಂಡಲ್ ತೆಗೆದು, ಫೋರ್ಕಿನ ಎರಡು ಕೊಳವೆಗಳಿಗೇ ನೇರ ಕಚ್ಚಿಕೊಳ್ಳುವ ಎರಡು ಚಿಕ್ಕ ಹಿಡಿಗಳನ್ನು ಬಿಗಿಯುವುದು. ಇವನ್ನು ಕ್ಲಿಪ್-ಆನ್ ಎನ್ನುತ್ತಾರೆ. ಮುಂದಕ್ಕೆ ಬಾಗಿದ ಸವಾರನಿಗೆ ಗಾಳಿಯ ತಡೆ ಕಡಿಮೆ, ಬಾಗಿದವನ ಕಾಲಿಗೆ ಹೊಂದಲು ಫುಟ್‌ರೆಸ್ಟ್ ಹಿಂದಕ್ಕೆ. ಚೆಂದಕ್ಕೆಂದು ಮಾಡಿದ ಒಂದು ಅಂಗವೂ ಇಲ್ಲ. ಆ ಕಾರಣಕ್ಕೇ ಅದು ಚೆಂದ ಕಾಣುತ್ತದೆ ಎಂಬುದು ಈ ಲೇಖಕನ ನಂಬಿಕೆ.

ಇದರ ಪರಮ ರೂಪ ‘ಟ್ರೈಟನ್’. ಟ್ರಯಂಫ್ ಇಂಜಿನ್ನು, ನಾರ್ಟನ್ ಚಾಸಿ, ಎರಡರ ಹೆಸರೂ ಬೆರೆತ ಕೂಸು. ಉತ್ತರ ಐರ್ಲೆಂಡಿನ ರೆಕ್ಸ್ ಮೆಕ್‌ಕ್ಯಾಂಡ್ಲೆಸ್ ರೂಪಿಸಿ 1950ರಲ್ಲಿ ರೇಸಿಗಿಳಿದ ನಾರ್ಟನ್ನಿನ ಜೋಡಿ ಕೊಳವೆ ಚಾಸಿಗೆ ‘ಫೆದರ್‌ಬೆಡ್’ ಎಂಬ ಅಡ್ಡಹೆಸರು ಬಿತ್ತು; ಗರಿಯ ಹಾಸಿಗೆಯಂತೆ ಹಾಯಾಗಿ ತಿರುವಿನಲ್ಲಿ ವಾಲುತ್ತಿತ್ತು. ಎಡ್ವರ್ಡ್ ಟರ್ನರ್ ರೂಪಿಸಿದ ಟ್ರಯಂಫಿನ ಎರಡು ಸಿಲಿಂಡರ್ ಇಂಜಿನ್ನಿಗೆ ಶಕ್ತಿ ಕೂಡಿಸುವುದು ಸುಲಭ. ಒಂದರ ಓಟ, ಇನ್ನೊಂದರ ನಿಲುವು. ನಾರ್ಟನ್ನಿನ ರೇಸ್ ಗಾಡಿಗಳ ಬರಿ ಚಾಸಿಗಳು ಹುಡುಗರ ಕೈಗೆ ಸಿಗುತ್ತಿದ್ದುದಕ್ಕೂ ಒಂದು ಕಾರಣವಿತ್ತು. 500 ಸಿಸಿ ರೇಸ್ ಕಾರು ಕಟ್ಟುವವರಿಗೆ ನಾರ್ಟನ್ ಬರಿ ಇಂಜಿನ್ ಮಾರುತ್ತಿರಲಿಲ್ಲ. ಅವರು ಇಡೀ ಮೋಟಾರ್‌ಸೈಕಲ್ ಕೊಂಡು, ಇಂಜಿನ್ ಕಿತ್ತುಕೊಂಡು, ಉಳಿದದ್ದನ್ನು ಮಾರಿಬಿಡುತ್ತಿದ್ದರು.

ಹುಡುಗರ ಹಂಬಲ ಕಂಪನಿಗಳ ಕಣ್ಣಿಗೂ ಬಿತ್ತು. 1961ರಲ್ಲಿ ಬ್ರಿಟನ್, ಲೈಸೆನ್ಸ್ ಕಲಿಕೆಯಲ್ಲಿರುವವರು 250 ಸಿಸಿಗಿಂತ ದೊಡ್ಡ ಗಾಡಿ ಓಡಿಸಬಾರದೆಂದು ಕಾನೂನು ತಂದಿತು. ರೆಡಿಚ್ ಊರಿನ ರಾಯಲ್ ಎನ್‌ಫೀಲ್ಡ್ ಆ ಮಿತಿಯೊಳಗೇ ಕ್ಲಿಪ್-ಆನ್, ಕೆಂಪು ಟ್ಯಾಂಕು ಸಹಿತ ಕೆಫೆ ರೇಸರ್ ಕಟ್ಟಿಕೊಟ್ಟಿತು. ಅದೇ 1964ರ ಕೊನೆಗೆ ಹೊರಬಂದ ಮೊದಲ ಕಾಂಟಿನೆಂಟಲ್ ಜಿಟಿ. ಸ್ಕಾಟ್ಲೆಂಡಿನ ಉತ್ತರ ತುದಿಯಿಂದ ಇಂಗ್ಲೆಂಡಿನ ನೈಋತ್ಯ ತುದಿಯವರೆಗೆ 24 ಗಂಟೆಯೊಳಗೆ ಓಡಿಸಿ ಅದರ ಪ್ರಚಾರ ಮಾಡಿದರು. ಆದರೆ ಕಾಲ ಮುಗಿಯುತ್ತಿತ್ತು. ರೆಡಿಚ್ ಕಾರ್ಖಾನೆ 1967ರಲ್ಲಿ ಮುಚ್ಚಿತು, ಏಸ್ ಕೆಫೆ 1969ರಲ್ಲಿ. ಅದೇ 1969ರಲ್ಲಿ ಹೋಂಡಾದ ನಾಲ್ಕು ಸಿಲಿಂಡರಿನ ಸಿಬಿ750 ಬಂದು ಬ್ರಿಟಿಷ್ ಮೋಟಾರ್‌ಸೈಕಲ್ ಉದ್ಯಮದ ಬೆನ್ನು ಮುರಿಯಿತು.

ಹೆಸರು ಮಾತ್ರ ಸಮುದ್ರ ದಾಟಿ ಬದುಕಿಕೊಂಡಿತು. ಭಾರತೀಯ ಸೇನೆಗೆ ಬುಲೆಟ್ ಮೋಟಾರ್‌ಸೈಕಲ್ ಬೇಕಾಗಿದ್ದರಿಂದ 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಹುಟ್ಟಿತ್ತು. ತಾಯಿ ಕಂಪನಿ ಮಣ್ಣಾದ ಮೇಲೂ ತಿರುವೊತ್ತಿಯೂರಿನಲ್ಲಿ ಬುಲೆಟ್ ತಯಾರಾಗುತ್ತಲೇ ಇತ್ತು. ಆ ಗಾಡಿ ಕೆಫೆ ರೇಸರಿಗೆ ತದ್ವಿರುದ್ಧ: ನೆಟ್ಟಗೆ ಕೂತು, ಡಗ್ ಡಗ್ ಎನ್ನುತ್ತ, ಊರೆಲ್ಲ ನೋಡುವಂತೆ ಸಾಗುವುದು. ನಮ್ಮ ನಾಡಿನ ಹುಡುಗರ ವೇಗದ ಹಸಿವನ್ನು ತಣಿಸಿದ್ದು ಬೇರೆ ಗಾಡಿಗಳು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿಗಳನ್ನು ಕೊಟ್ಟಿತು. 1978ರ ಯೆಜ್ಡಿ ರೋಡ್‌ಕಿಂಗ್, ಆಮೇಲೆ ಯಮಹಾ ಆರ್‌ಎಕ್ಸ್ 100, ಇವು ಬೆಂಗಳೂರಿನ ಗ್ಯಾರೇಜುಗಳಲ್ಲಿ ಬಿಚ್ಚಿ ಜೋಡಿಸಿಕೊಂಡು, ಹ್ಯಾಂಡಲ್ ತಗ್ಗಿಸಿಕೊಂಡು ಓಡಿದವು. ಬಿಡಿಭಾಗಕ್ಕೆ ಜೆ.ಸಿ. ರಸ್ತೆ, ಕಲಾಸಿಪಾಳ್ಯ, ಉಳಿದದ್ದಕ್ಕೆ ಬೀದಿ ಕೊನೆಯ ಲೇತ್ ಮತ್ತು ವೆಲ್ಡಿಂಗ್ ಅಂಗಡಿ. ಅವನ್ನು ಕೆಫೆ ರೇಸರ್ ಎಂದು ಯಾರೂ ಕರೆಯಲಿಲ್ಲ, ಆದರೆ ಮಾಡುತ್ತಿದ್ದ ಕೆಲಸ ಅದೇ.

ಆಧುನಿಕ ರೂಪ

ಐಷರ್ ಸಂಸ್ಥೆಯ ಒಡೆತನದಲ್ಲಿ ಚೇತರಿಸಿಕೊಂಡ ರಾಯಲ್ ಎನ್‌ಫೀಲ್ಡ್ 2013ರಲ್ಲಿ ಕಾಂಟಿನೆಂಟಲ್ ಜಿಟಿ ಹೆಸರನ್ನು ಮತ್ತೆ ಎತ್ತಿಕೊಂಡಿತು. ಆ ಗಾಡಿಯದು 535 ಸಿಸಿಯ ಒಂಟಿ ಸಿಲಿಂಡರ್, ಸುಮಾರು 29 ಅಶ್ವಶಕ್ತಿ. ನೋಟ ಸರಿಯಾಗಿತ್ತು, ಚಾಸಿಯೂ ಸರಿಯಾಗಿತ್ತು. ಇಂಗ್ಲೆಂಡಿನ ಹ್ಯಾರಿಸ್ ಪರ್ಫಾರ್ಮೆನ್ಸ್ ಎಂಬ ರೇಸ್ ಚಾಸಿ ತಜ್ಞರು ಅದನ್ನು ರೂಪಿಸಿದ್ದರು. ಇಂಜಿನ್ ಮಾತ್ರ ಆ ಮೈಕಟ್ಟಿಗೆ ಸಾಲಲಿಲ್ಲ. 2015ರಲ್ಲಿ ಕಂಪನಿ ಹ್ಯಾರಿಸ್ ಸಂಸ್ಥೆಯನ್ನೇ ಕೊಂಡುಕೊಂಡಿತು. ಇಂಗ್ಲೆಂಡಿನ ಲೆಸ್ಟರ್‌ಶೈರಿನ ಬ್ರಂಟಿಂಗ್‌ಥಾರ್ಪ್‌ನಲ್ಲಿ ತಾಂತ್ರಿಕ ಕೇಂದ್ರ ತೆರೆಯಿತು. ಅಲ್ಲಿನ ಮತ್ತು ಚೆನ್ನೈನ ಇಂಜಿನಿಯರುಗಳು ಕೂಡಿ ಕಟ್ಟಿದ ಜಿಟಿ 650 ಮೊದಲು 2017ರ ನವೆಂಬರಿನಲ್ಲಿ ಮಿಲಾನ್ ಮೇಳದಲ್ಲಿ ಕಾಣಿಸಿಕೊಂಡು, 2018ರ ನವೆಂಬರ್ 14ರಂದು ಭಾರತದ ಮಾರುಕಟ್ಟೆಗೆ ಬಂತು. ಆರಂಭದ ಷೋರೂಂ ಬೆಲೆ 2.65 ಲಕ್ಷ ರೂ. ಮರುದಿನವೇ, ನವೆಂಬರ್ 15ರಂದು, ಜಾವಾ ಕೂಡ ಮರುಹುಟ್ಟು ಪಡೆಯಿತು. ಹಳೆಯ ಗಾಡಿ ಪ್ರಿಯರ ಪಾಲಿಗೆ ಅಂಥ ಎರಡು ದಿನ ಮತ್ತೆ ಬಂದಿಲ್ಲ.

ಇದರ ಜೀವಾಳ 648 ಸಿಸಿಯ ಜೋಡಿ ಸಿಲಿಂಡರ್ ಇಂಜಿನ್. 78 ಮಿ.ಮೀ. ಬೋರ್, 67.8 ಮಿ.ಮೀ. ಸ್ಟ್ರೋಕ್, 47 ಅಶ್ವಶಕ್ತಿ, 52 ನ್ಯೂಟನ್-ಮೀಟರ್ ಟಾರ್ಕ್, ಆರು ಗೇರು. ಅಂಕಿಗಳಿಗಿಂತ ಮುಖ್ಯವಾದದ್ದು ಕ್ರ್ಯಾಂಕಿನ ಜೋಡಣೆ. ಹಳೆಯ ಬ್ರಿಟಿಷ್ ಜೋಡಿ ಇಂಜಿನುಗಳಲ್ಲಿ ಎರಡೂ ಪಿಸ್ಟನ್‌ಗಳು ಕೂಡಿಯೇ ಏರಿ ಕೂಡಿಯೇ ಇಳಿಯುತ್ತಿದ್ದವು. ಅದರಿಂದ ಹುಟ್ಟುವ ನಡುಕಕ್ಕೆ ನಟ್ಟು ಬೋಲ್ಟು ಸಡಿಲಾಗುತ್ತಿತ್ತು, ಬೆರಳು ಮರಗಟ್ಟುತ್ತಿತ್ತು. ಹೊಸ ಇಂಜಿನಿನಲ್ಲಿ ಎರಡು ಪಿಸ್ಟನ್‌ಗಳ ನಡುವೆ 270 ಡಿಗ್ರಿಯ ಅಂತರವಿದೆ. ಒಂದು ತುದಿ ಮುಟ್ಟಿ ಕ್ಷಣಕಾಲ ನಿಂತಾಗ ಇನ್ನೊಂದು ನಡುದಾರಿಯಲ್ಲಿ ಜೋರಾಗಿ ಓಡುತ್ತಿರುತ್ತದೆ. ಉಳಿದ ನಡುಕವನ್ನು ಬ್ಯಾಲೆನ್ಸರ್ ಶಾಫ್ಟ್ ನುಂಗಿಕೊಳ್ಳುತ್ತದೆ. ಇಂಧನ ಹೊತ್ತುವುದು ಒಮ್ಮೆ 270 ಡಿಗ್ರಿಗೆ, ಮತ್ತೊಮ್ಮೆ 450 ಡಿಗ್ರಿಗೆ ಆದ್ದರಿಂದ ಸೈಲೆನ್ಸರಿನ ಸದ್ದಿಗೆ ಸಮನಲ್ಲದ ಲಯ ಬರುತ್ತದೆ. ಬುಲೆಟ್ಟಿನ ಡಗ್ ಡಗ್ ಅಲ್ಲ, ಒಳಗೇ ಗುನುಗುವ ಗಡಸು ದನಿ.

ಇಂಜಿನಿನ ನೋಟ ಅರವತ್ತರ ದಶಕದ್ದೇ. ಗಾಳಿಗೆ ಮೈಯೊಡ್ಡಿದ ರೆಕ್ಕೆಗಳು, ಮುಂಭಾಗದಲ್ಲಿ ಸಣ್ಣ ಆಯಿಲ್ ಕೂಲರ್. ನೀರಿನ ರೇಡಿಯೇಟರ್ ಇಲ್ಲ. ಒಳಗಡೆ ಮಾತ್ರ ಫ್ಯೂಯೆಲ್ ಇಂಜೆಕ್ಷನ್, ಮೆತ್ತಗಿನ ಸ್ಲಿಪ್-ಅಸಿಸ್ಟ್ ಕ್ಲಚ್. ಮುಂದೆ 320 ಮಿ.ಮೀ. ಡಿಸ್ಕ್, ಹಿಂದೆ 240 ಮಿ.ಮೀ., ಎರಡಕ್ಕೂ ಎಬಿಎಸ್. ಡ್ರಮ್ ಬ್ರೇಕನ್ನು ನಂಬಿ ನೂರು ಮೈಲಿ ವೇಗಕ್ಕೆ ಹೋಗುತ್ತಿದ್ದ ಹುಡುಗರಿಗೆ ಇದು ಸಿಕ್ಕಿದ್ದರೆ ಎಷ್ಟೋ ಮನೆಗಳಲ್ಲಿ ದೀಪ ಆರುತ್ತಿರಲಿಲ್ಲ. ಗಾಡಿಯ ತೂಕ ಸುಮಾರು ಎರಡು ಕ್ವಿಂಟಲ್, ಟ್ಯಾಂಕಿನ ಅಳತೆ 12.5 ಲೀಟರ್, ಚಕ್ರಗಳು 18 ಇಂಚಿನವು. ‘ಟನ್’ ಮುಟ್ಟುವ ಶಕ್ತಿ ಕಾರ್ಖಾನೆಯಿಂದ ಬಂದಂತೆಯೇ ಇದೆ. 2018ರಲ್ಲಿ ಅಮೆರಿಕದ ಬಾನವಿಲ್ ಉಪ್ಪುಬಯಲಿನಲ್ಲಿ 18 ವರ್ಷದ ಕೇಲಾ ರಿವಾಸ್ ಈ ಗಾಡಿಯ ಮಾರ್ಪಡಿಸಿದ ರೂಪವನ್ನು ಗಂಟೆಗೆ 157 ಮೈಲಿ, ಅಂದರೆ 250 ಕಿ.ಮೀ.ಗೂ ಮೀರಿದ ವೇಗದಲ್ಲಿ ಓಡಿಸಿದಳು.

ಹಳೆಯದನ್ನು ಹೊಸದಾಗಿ ಮಾಡುವವರು ಸಾಮಾನ್ಯವಾಗಿ ಎಡವುವುದು ಬಣ್ಣ, ಬ್ಯಾಡ್ಜು, ಕ್ರೋಮ್ ಹಚ್ಚಿ ನಿಲ್ಲಿಸುವಲ್ಲಿ. ಜಿಟಿ 650ರಲ್ಲಿ ನೋಟಕ್ಕಿಂತ ಹೆಚ್ಚು ಕೆಲಸ ನಡೆದಿರುವುದು ಚಾಸಿಯಲ್ಲಿ ಮತ್ತು ಕ್ರ್ಯಾಂಕಿನಲ್ಲಿ, ಅಂದರೆ ಹಳೆಯ ಗಾಡಿಗಳಿಗೆ ನಿಜವಾಗಿ ನೋವಿದ್ದ ಜಾಗದಲ್ಲಿ. ಅದಕ್ಕಾಗಿಯೇ ಇದು ಅನುಕರಣೆಯ ಸಾಲಿಗೆ ಸೇರುವುದಿಲ್ಲ.

ದಕ್ಷಿಣ ಬೆಂಗಳೂರಿನಲ್ಲಿ

ಟ್ರೈಟನ್ ಕಟ್ಟಿದ ಹುಡುಗ ಜಯನಗರದಲ್ಲಿ ಹುಟ್ಟಿದ್ದರೆ ಕಾನೂನಿನ ಕಣ್ಣಲ್ಲಿ ಅಪರಾಧಿಯಾಗುತ್ತಿದ್ದ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೂ ಆರ್‌ಸಿ ಪುಸ್ತಕಕ್ಕೂ ತಾಳೆಯಾಗದಂತೆ ವಾಹನವನ್ನು ಮಾರ್ಪಡಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೊಮ್ಮೆ ಖಚಿತಪಡಿಸಿತು. ಒಂದು ಗಾಡಿಯ ಚಾಸಿಗೆ ಇನ್ನೊಂದು ಕಂಪನಿಯ ಇಂಜಿನ್ ಕೂರಿಸಿದರೆ ಕೆಎ-05 ಸಂಖ್ಯೆ ಕೊಡುವ ಜಯನಗರದ ಆರ್‌ಟಿಒ ಅದನ್ನು ಒಪ್ಪಲಾರದು. ಹೊರಗಿನ ಸೈಲೆನ್ಸರ್ ಹಾಕಿ ಸದ್ದು ಮಾಡಿದರೆ ಸಂಚಾರ ಪೊಲೀಸರ ದಂಡ ಬೀಳುತ್ತದೆ. ಆಸ್ಪತ್ರೆ, ಶಾಲೆ, ಮುದುಕರಿರುವ ಬೀದಿಗಳಲ್ಲಿ ಬೀಳಲೇಬೇಕು. ಹೀಗಾಗಿ ಕೈಗೆಲಸದಿಂದ ಹುಟ್ಟಿದ ಈ ಗಾಡಿ ಇಲ್ಲಿ ರಾಜಮಾರ್ಗದಲ್ಲಿ ತಲೆಯೆತ್ತಿ ಓಡಾಡಬೇಕಾದರೆ ಕಾರ್ಖಾನೆಯಿಂದಲೇ ಹಾಗೆ ಬರಬೇಕಾಯಿತು. ಜಿಟಿ 650ರ ನಿಜವಾದ ಮಹತ್ವ ಇಲ್ಲಿದೆ. ಕಾರ್ಖಾನೆ ಕೊಟ್ಟ ಕ್ಲಿಪ್-ಆನ್, ಕಾರ್ಖಾನೆ ಕೊಟ್ಟ ಒಂಟಿ ಸೀಟು, ಎಲ್ಲಕ್ಕೂ ಕಾಗದವಿದೆ. ಹಿತ್ತಲಿನ ಕೆಲಸಗಾರನ ಆನಂದದಲ್ಲಿ ಅರ್ಧ ಹೋಯಿತೆಂಬುದೂ ಸತ್ಯ. ಆ ಅರ್ಧವನ್ನು ಹಳೆಯ ಯೆಜ್ಡಿಗಳನ್ನು ಮೂಲರೂಪಕ್ಕೆ ತರುವವರು ಉಳಿಸಿಕೊಂಡಿದ್ದಾರೆ.

ಬೆಲೆಯ ಮಾತೂ ಇದೆ. ಕರ್ನಾಟಕದಲ್ಲಿ ಲಕ್ಷ ರೂಪಾಯಿ ದಾಟಿದ ದ್ವಿಚಕ್ರ ವಾಹನಕ್ಕೆ ಜೀವಿತಾವಧಿ ತೆರಿಗೆ ಶೇ 18. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಗಾಡಿಗಳ ಜಿಎಸ್‌ಟಿ ಶೇ 18ಕ್ಕೆ ಇಳಿದು, ಅದಕ್ಕೂ ದೊಡ್ಡವುಗಳದು ಶೇ 40ಕ್ಕೆ ಏರಿತು. ಕೂಲಿಯ ಹುಡುಗನ ಗಾಡಿಯಾಗಿದ್ದದ್ದು ಇಲ್ಲಿ ಒಳ್ಳೆಯ ಸಂಬಳದವರ ಗಾಡಿಯಾಗಿದೆ.

ಈ ಭಾಗದ ರಸ್ತೆಗಳು ಗಾಡಿಯನ್ನು ಎರಡು ಬಗೆಯಲ್ಲಿ ಪರೀಕ್ಷಿಸುತ್ತವೆ. ಬನಶಂಕರಿಯಿಂದ ಜೆ.ಪಿ. ನಗರ, ಬಿಟಿಎಂ ಹಾದು ಸಿಲ್ಕ್ ಬೋರ್ಡಿಗೆ ಹೋಗುವ ವರ್ತುಲ ರಸ್ತೆಯಲ್ಲಿ ಸಂಜೆ ಆರೂವರೆಗೆ ಕೆಫೆ ರೇಸರ್ ಓಡಿಸುವುದು ವ್ರತ ಹಿಡಿದಂತೆ. ಮೈಭಾರವೆಲ್ಲ ಮಣಿಕಟ್ಟಿನ ಮೇಲೆ, ಕತ್ತು ಸದಾ ಮೇಲಕ್ಕೆ, ಸಿಗ್ನಲ್ಲಿನಲ್ಲಿ ನಿಂತಾಗ ಇಂಜಿನಿನ ಕಾವು ಮೊಣಕಾಲಿಗೆ. ವೇಗವಿದ್ದಾಗ ಎದೆಗೆ ಬಡಿಯುವ ಗಾಳಿ ಸವಾರನ ಭಾರವನ್ನು ಎತ್ತಿ ಹಿಡಿಯುತ್ತದೆ. ನಿಂತ ಗಾಡಿಯಲ್ಲಿ ಆ ಆಸರೆ ಇಲ್ಲ. ಹಂಪುಗಳ ಮೇಲೆ ಹಿಂದಿನ ಸ್ಪ್ರಿಂಗಿನ 88 ಮಿ.ಮೀ. ಓಟ ಬೇಗ ಮುಗಿದುಹೋಗುತ್ತದೆ. ಇಲ್ಲಿ ಗಾಡಿಯನ್ನು ಕಾಪಾಡುವುದು ಕಡಿಮೆ ಆರ್‌ಪಿಎಂನಲ್ಲೇ ಸಿಗುವ ಎಳೆತ. ಗರಿಷ್ಠ ಟಾರ್ಕಿನ ಶೇ 80ರಷ್ಟು 2500 ಆರ್‌ಪಿಎಂಗೇ ದೊರೆಯುತ್ತದೆಂದು ಕಂಪನಿ ಹೇಳಿಕೊಂಡಿದೆ. ಪದೇ ಪದೇ ಗೇರು ಇಳಿಸದೆ ಮೂರರಲ್ಲೇ ತೆವಳಬಹುದು. ದಿನವೂ ಕಚೇರಿಗೆ ಹೋಗಿಬರಲು ಗಾಡಿ ಬೇಕೆನ್ನುವವರಿಗೆ ಇದೇ ಇಂಜಿನ್, ಎತ್ತರದ ಹ್ಯಾಂಡಲ್ ಇರುವ ಇಂಟರ್‌ಸೆಪ್ಟರ್ 650 ಒಳ್ಳೆಯದು ಎಂದು ಸ್ಪಷ್ಟವಾಗಿಯೇ ಹೇಳಬೇಕು.

ಇನ್ನೊಂದು ಪರೀಕ್ಷೆ ಭಾನುವಾರ ಬೆಳಗಿನ ಜಾವದ್ದು. ಬನಶಂಕರಿ ದೇವಸ್ಥಾನದ ಮುಂದೆ ಹೊರಟು ಸಾರಕ್ಕಿ, ಕೋಣನಕುಂಟೆ ಕ್ರಾಸ್, ತಲಘಟ್ಟಪುರ ದಾಟಿದರೆ ಕಗ್ಗಲೀಪುರದ ಆಚೆಗೆ ಕನಕಪುರ ರಸ್ತೆ ಉಸಿರು ಬಿಡುತ್ತದೆ. ಹಾರೋಹಳ್ಳಿಯ ಕಡೆಗಿನ ಏರಿಳಿತ, ಮಂಜು, ದೊಡ್ಡ ಬಂಡೆಗಳ ಬೆಟ್ಟ. ನಾಲ್ಕನೆಯ ಗೇರಿನಲ್ಲಿ ಗಾಡಿ ತಾನಾಗಿ ಸಾಗುವಾಗ, ತಿರುವಿನಲ್ಲಿ ಭುಜ ತುಸು ತಗ್ಗಿಸಿದರೆ ಇಡೀ ಚಾಸಿ ಹಿಂಬಾಲಿಸುವಾಗ, ಆ ಕೂರುವ ಭಂಗಿಗೆ ಏನು ಅರ್ಥವೆಂದು ಮೈಗೆ ತಿಳಿಯುತ್ತದೆ. ಹಾಗೆಂದು ಇದು ಟನ್ ಮುಟ್ಟುವ ರಸ್ತೆಯಲ್ಲ. ಹಾಲಿನ ಕ್ಯಾನು ಕಟ್ಟಿಕೊಂಡ ಮೊಪೆಡ್ಡು, ರೇಷ್ಮೆಗೂಡಿನ ಗಾಡಿ, ದಾಟುವ ದನ ಎಲ್ಲವೂ ಇದೇ ದಾರಿಯಲ್ಲಿ ಬರುತ್ತವೆ. ಅವರಿಗೆ ಅದು ದುಡಿಮೆಯ ದಾರಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಬಿಡದಿಯ ತಟ್ಟೆ ಇಡ್ಲಿಗೆ, ಮದ್ದೂರು ವಡೆಗೆ ಹೋಗುವ ಸವಾರರು ಈಗ ಸರ್ವಿಸ್ ರಸ್ತೆ ಹಿಡಿಯುತ್ತಾರೆ. ನಿಜವಾದ ವೇಗಕ್ಕೆ ಜಾಗ ಟ್ರ್ಯಾಕ್. ಕೊಯಮತ್ತೂರಿನ ಕರಿ ಸ್ಪೀಡ್‌ವೇಯಲ್ಲಿ 2021ರಿಂದ ಜಿಟಿ 650ಗಳಿಗಾಗಿಯೇ ಕಾಂಟಿನೆಂಟಲ್ ಜಿಟಿ ಕಪ್ ಎಂಬ ರೇಸ್ ಸರಣಿ ನಡೆದಿದೆ. ಹುಬ್ಬಳ್ಳಿಯ ಅನೀಶ್ ಶೆಟ್ಟಿ ಅದರಲ್ಲಿ ಗೆದ್ದ ಕನ್ನಡಿಗ.

ಕೆಫೆಯಿಲ್ಲದೆ ಕೆಫೆ ರೇಸರ್ ಇಲ್ಲ. ನಿಂತೇ ತಿಂದು ನಿಂತೇ ಕುಡಿದು ಹೊರಡುವ ದರ್ಶಿನಿ ಹೋಟೆಲಿನ ಮಾದರಿ ಹುಟ್ಟಿದ್ದೇ ಜಯನಗರದಲ್ಲಿ, 1983ರಲ್ಲಿ ಆರ್. ಪ್ರಭಾಕರ್ ತೆರೆದ ಕೆಫೆ ದರ್ಶಿನಿಯಿಂದ. ಏಸ್ ಕೆಫೆಯ ಗುಣಗಳೆಲ್ಲ ಅಲ್ಲಿವೆ. ಬೆಲೆ ಕಡಿಮೆ, ಯಾರೂ ಯಾರನ್ನೂ ಎಬ್ಬಿಸುವುದಿಲ್ಲ, ಆಟೋ ಚಾಲಕನೂ ಸಾಫ್ಟ್‌ವೇರಿನವನೂ ಒಂದೇ ಕಟ್ಟೆಗೆ ಮೊಣಕೈ ಊರುತ್ತಾರೆ. ಸವಾರಿ ಮುಗಿಸಿದವರು ಒಂದು ಬೈಟು ಕಾಫಿ ಹಿಡಿದು, ಹೊರಗೆ ಸೈಡ್ ಸ್ಟ್ಯಾಂಡಿನಲ್ಲಿ ಟಿಕ್ ಟಿಕ್ ಎನ್ನುತ್ತ ಆರುವ ಇಂಜಿನಿನ ಪಕ್ಕ ನಿಲ್ಲುತ್ತಾರೆ. ಅಷ್ಟರಲ್ಲಿ ಯಾರಾದರೂ ಹಿರಿಯರು ವಾಕಿಂಗ್ ಮುಗಿಸಿ ಬಂದು, ಟ್ಯಾಂಕಿನ ಮೇಲೆ ಕೈಯಾಡಿಸಿ, ತಮ್ಮ ಕಾಲದ ಗಾಡಿಯ ಮಾತು ತೆಗೆಯುತ್ತಾರೆ. ‘ಮೈಲೇಜ್ ಎಷ್ಟು ಕೊಡತ್ತಪ್ಪಾ?’ ಎಂಬ ಪ್ರಶ್ನೆ ಕೊನೆಗೆ ಬಂದೇ ಬರುತ್ತದೆ.

ಇತರ ಗಾಡಿಗಳು

ಟ್ರಯಂಫ್ ಥ್ರಕ್ಸ್‌ಟನ್ ಈ ಕುಲದ ಶ್ರೀಮಂತ ಶಾಖೆ. ಇಂಗ್ಲೆಂಡಿನ ಹ್ಯಾಂಪ್‌ಶೈರಿನ ರೇಸ್ ಟ್ರ್ಯಾಕಿನ ಹೆಸರು ಹೊತ್ತ ಈ ಗಾಡಿ 2016ರಲ್ಲಿ 1200 ಸಿಸಿಗೆ ಬೆಳೆದು, 2020ರ ಆರ್‌ಎಸ್ ಮಾದರಿಯಲ್ಲಿ 105 ಪಿಎಸ್ ಶಕ್ತಿ ಪಡೆಯಿತು. ಅದೇ ಹೆಸರಿನ ಚಿಕ್ಕ ತಮ್ಮ, ಬಜಾಜ್ ತಯಾರಿಸುವ 398 ಸಿಸಿಯ ಥ್ರಕ್ಸ್‌ಟನ್ 400, 2025ರ ಆಗಸ್ಟಿನಲ್ಲಿ 2.74 ಲಕ್ಷ ರೂ. ಬೆಲೆಗೆ ಬಂತು. ಜಾವಾವನ್ನು ಮರಳಿ ತಂದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿಯೇ ಬಿಎಸ್‌ಎ ಹೆಸರನ್ನೂ ಕೊಂಡು, 652 ಸಿಸಿಯ ಗೋಲ್ಡ್ ಸ್ಟಾರ್ ಅನ್ನು 2024ರ ಆಗಸ್ಟ್ 15ರಂದು ಭಾರತಕ್ಕೆ ತಂದಿತು. ಮೂಲ ಗೋಲ್ಡ್ ಸ್ಟಾರ್‌ನ ಹೆಸರಿನ ಹಿಂದೆ 1937ರ ಒಂದು ಸಂಗತಿಯಿದೆ: ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ನೂರು ಮೈಲಿ ಸರಾಸರಿ ಮೀರಿ ಸುತ್ತು ಹಾಕಿದ ವಾಲ್ ಹ್ಯಾಂಡ್ಲಿಗೆ ಸಿಕ್ಕ ಚಿನ್ನದ ನಕ್ಷತ್ರದ ಪದಕ. ಹೊಸ ಗೋಲ್ಡ್ ಸ್ಟಾರ್ ನೆಟ್ಟಗೆ ಕೂರುವ ಗಾಡಿ. ಅದನ್ನು ಕೆಫೆ ರೇಸರಿನ ಸೋದರಸಂಬಂಧಿ ಎನ್ನಬಹುದು.

ದಕ್ಷಿಣ ಬೆಂಗಳೂರಿಗೆ ಹತ್ತಿರದ ನಂಟು ನಾರ್ಟನ್ನಿನದು. ಟ್ರೈಟನ್ನಿಗೆ ಚಾಸಿ ಕೊಟ್ಟ ಆ ಕಂಪನಿ ಹಲವು ಕೈ ಬದಲಾಗಿ ದಿವಾಳಿಯ ಅಂಚಿಗೆ ಬಂದಾಗ, 2020ರ ಏಪ್ರಿಲ್‌ನಲ್ಲಿ ಟಿವಿಎಸ್ ಮೋಟಾರ್ ಅದನ್ನು 1.6 ಕೋಟಿ ಪೌಂಡಿಗೆ ಕೊಂಡಿತು. ಆಮೇಲೆ ಹೊರಬಂದ ನಾರ್ಟನ್ ವಿ4ಸಿಆರ್ ಬಲು ಬಿರುಸಿನ ಕೆಫೆ ರೇಸರ್. ನಾಲ್ಕು ಸಿಲಿಂಡರಿನ 1200 ಸಿಸಿ ವಿ-ಇಂಜಿನ್, 185 ಅಶ್ವಶಕ್ತಿ, ಒಟ್ಟು 200 ಗಾಡಿಗಳಷ್ಟೇ. ಅದನ್ನು ಕಟ್ಟಿದ್ದು ಇಂಗ್ಲೆಂಡಿನ ಸೊಲಿಹಲ್‌ನಲ್ಲಿ. ಒಡೆಯ ಟಿವಿಎಸ್‌ನ ದೊಡ್ಡ ಕಾರ್ಖಾನೆ ಇರುವುದು ಮಾತ್ರ ಹೊಸೂರಿನಲ್ಲಿ, ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು ಕೇಳುವ ಗಡಿಯೂರಿನಲ್ಲಿ. ಬಿಟಿಎಂ ಬಡಾವಣೆಯ ಸಿಲ್ಕ್ ಬೋರ್ಡಿನಿಂದ ಅಲ್ಲಿಗೆ ಸುಮಾರು 30 ಕಿ.ಮೀ. ದಿನವೂ ಆ ದಾರಿಯಲ್ಲಿ ಕಾರ್ಖಾನೆಯ ಬಸ್ಸುಗಳಲ್ಲಿ ಓಡಾಡುವ ಇಂಜಿನಿಯರುಗಳಿಗೆ ಈಗ ಫೆದರ್‌ಬೆಡ್ ಎಂಬ ಪದ ತಮ್ಮದೇ ಸಂಸ್ಥೆಯ ಹಳೆಯ ಕಡತಗಳಲ್ಲಿ ಸಿಗುತ್ತದೆ.